ದಿಯು ದಿಬ್ಬದ ಮೇಲೆ ಖುಕ್ರಿ

ಕಡಲಲ್ಲಿ ಸತ್ತವರಿಗೆ ಸಮಾಧಿಯಿಲ್ಲ. ಹೂವಿಟ್ಟು ಕೈಮುಗಿಯಲು ಮನೆಯವರಿಗೆ ಒಂದು ಜಾಗವಾದರೂ ಬೇಕಲ್ಲ? ದಿಯು ದ್ವೀಪದ ಚಕ್ರತೀರ್ಥ ಕಡಲತೀರದ ಬಳಿ, ದಿಬ್ಬವೊಂದರ ಮೇಲೆ ಅಂಥ ಜಾಗವಿದೆ. ಗಾಜಿನ ಆವರಣದೊಳಗೆ ಯುದ್ಧನೌಕೆಯ ಮಾದರಿಯೊಂದು ಅರಬ್ಬಿ ಸಮುದ್ರಕ್ಕೆ ಮುಖಮಾಡಿದೆ. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಮತ್ತು ಐಎನ್‌ಎಸ್ ಖುಕ್ರಿಯ ಸಿಬ್ಬಂದಿಯ ಈ ಸ್ಮಾರಕ 1999ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು.

1971ರ ಯುದ್ಧ. ದಿಯು ಆಚೆಯ ಕಡಲಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯ ಸುಳಿವು ಸಿಕ್ಕಿತ್ತು. ಅದನ್ನು ಹುಡುಕಿ ಹೊಡೆಯಲು ಖುಕ್ರಿ, ಕಿರ್ಪಾಣ್ ಹೊರಟವು. ಜೊತೆಯ ಕುಠಾರ್ ದುರಸ್ತಿಗೆಂದು ಮುಂಬೈಯಲ್ಲೇ ಉಳಿದಿತ್ತು. ಫ್ರಾನ್ಸ್‌ನಲ್ಲಿ ಕಟ್ಟಿದ್ದ ಹಂಗೋರ್ ಎಂಬ ಆ ಜಲಾಂತರ್ಗಾಮಿಯ ಸೋನಾರ್ ನಮ್ಮ ನೌಕೆಗಳದ್ದಕ್ಕಿಂತ ದೂರದ ಸದ್ದು ಹಿಡಿಯುತ್ತಿತ್ತು. ಡಿಸೆಂಬರ್ 9ರ ರಾತ್ರಿ ಅದರ ಟಾರ್ಪಿಡೊ ಬಡಿದು ಖುಕ್ರಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಬದುಕಿ ಸಿಕ್ಕವರು 67 ಮಂದಿ.

ಆ ನಿಮಿಷಗಳಲ್ಲಿ ಮುಲ್ಲಾ ಹಡಗು ಬಿಡುವಂತೆ ಆಜ್ಞೆ ಕೊಟ್ಟರು, ಹಿಂಜರಿದವರನ್ನು ನೀರಿಗೆ ನೂಕಿದರು, ತಮ್ಮ ಲೈಫ್ ಜಾಕೆಟ್ಟನ್ನು ನಾವಿಕನೊಬ್ಬನಿಗೆ ಕೊಟ್ಟರು. ತಾವು ಮಾತ್ರ ಹಡಗು ಬಿಡಲಿಲ್ಲ. ಆಗ ಅವರಿಗೆ 45 ವರ್ಷ. ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಹಡಗಿನೊಂದಿಗೇ ಮುಳುಗಿದ ಕಪ್ತಾನ ಎಂದೇ ಅವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಆ ಜಾಕೆಟ್ ದೊಡ್ಡದೆಂದು ನನ್ನ ಭಾವನೆ. ಸಾವು ಖಚಿತವಾದ ಹೊತ್ತಿನಲ್ಲೂ ಅವರು ಎಣಿಸುತ್ತಿದ್ದದ್ದು ಬದುಕಬಹುದಾದವರನ್ನು.

ಈಗ ದಿಯುನಲ್ಲಿ ಇನ್ನೊಂದು ಖುಕ್ರಿಯೂ ಇದೆ. ಅದೇ ಹೆಸರಿನಲ್ಲಿ 1989ರಲ್ಲಿ ಸೇವೆಗೆ ಸೇರಿದ ಕ್ಷಿಪಣಿ ನೌಕೆ 2021ರ ಡಿಸೆಂಬರ್‌ನಲ್ಲಿ ನಿವೃತ್ತಿಯಾಯಿತು. ಮರುತಿಂಗಳೇ ವಸ್ತುಸಂಗ್ರಹಾಲಯಕ್ಕೆಂದು ಅದನ್ನು ದಿಯು ಆಡಳಿತಕ್ಕೆ ಒಪ್ಪಿಸಲಾಯಿತು. ಗಾಜಿನೊಳಗಿನ ಮಾದರಿ ಹೇಳಲಾಗದ್ದನ್ನು ನಿಜವಾದ ಹಡಗು ಹೇಳುತ್ತದೆ. ಕಾರವಾರದ ಕಡಲತೀರದಲ್ಲಿರುವ ಚಪಲ್ ನೌಕೆಯ ಒಳಹೊಕ್ಕವರಿಗೆ ಇದರ ಅಂದಾಜು ಇರುತ್ತದೆ: ತಲೆ ತಗ್ಗಿಸಿ ದಾಟಬೇಕಾದ ಬಾಗಿಲು, ಕಡಿದಾದ ಕಬ್ಬಿಣದ ಏಣಿ, ಒಬ್ಬೊಬ್ಬರೇ ನುಸುಳಬೇಕಾದ ಕಿಂಡಿ. ವಾಲುತ್ತಿರುವ ಹಡಗಿನಲ್ಲಿ, ಕತ್ತಲಲ್ಲಿ, ಕೆಳಗಿನ ಅಂತಸ್ತಿನಿಂದ ಮೇಲೆ ಬರುವುದೆಂದರೆ ಏನೆಂದು ಅಲ್ಲಿ ನಿಂತಾಗ ತಿಳಿಯುತ್ತದೆ.

ಸೋಮನಾಥ ದರ್ಶನಕ್ಕೆ ನಮ್ಮವರು ಅನೇಕರು ಹೋಗುತ್ತಾರೆ. ಅಲ್ಲಿಂದ ಇನ್ನೆರಡು ಗಂಟೆ ರಸ್ತೆಯಲ್ಲಿ ಸಾಗಿದರೆ ದಿಯು. ಕೋಟೆ ನೋಡಿ ಹಿಂತಿರುಗಬೇಡಿ, ಈ ದಿಬ್ಬವನ್ನೂ ಹತ್ತಿ ಬನ್ನಿ.