ಸಿಂಫನಿ ವಾದ್ಯವೃಂದದ ಧ್ವನಿಮುದ್ರಿಕೆ: ಆಕರವಾಗಿ ಅದರ ಬೆಲೆ

ಐರೋಪ್ಯ ಶಾಸ್ತ್ರೀಯ ಸಂಗೀತದಲ್ಲಿ ಸಿಂಫನಿಯೆಂಬುದು ಮೊದಲಿನಿಂದ ಕೊನೆಯವರೆಗೂ ಬರೆಹಕ್ಕೆ ಒಳಪಟ್ಟ ಕೃತಿ. ವಾದಕರಲ್ಲಿ ಪ್ರತಿಯೊಬ್ಬನೂ ಯಾವ ಗಳಿಗೆಯಲ್ಲಿ ಯಾವ ಸ್ವರವನ್ನು ಹಿಡಿಯಬೇಕೆಂಬುದನ್ನು ರಚನಕಾರನು ಮೊದಲೇ ಸ್ವರಲಿಪಿಯಲ್ಲಿ ಗೊತ್ತುಮಾಡಿರುತ್ತಾನೆ. ಆದರೂ ನಡೆಯ ವೇಗ, ನಾದದ ಏರಿಳಿತ, ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಬಗೆ ಇವು ಲಿಪಿಗೆ ಪೂರ್ಣವಾಗಿ ಸಿಕ್ಕುವುವಲ್ಲ. ಆದುದರಿಂದ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಾದ್ಯವೃಂದಗಳು ಹೇಗೆ ನುಡಿಸುತ್ತಿದ್ದುವೆಂಬುದನ್ನು ತಿಳಿಯಲು ಧ್ವನಿಮುದ್ರಿಕೆಯೇ ನಮಗಿರುವ ನೇರವಾದ ಸಾಕ್ಷಿ.

ಆದರೆ ಸಾಕ್ಷಿಯನ್ನು ನಂಬುವ ಮೊದಲು ಪರೀಕ್ಷಿಸಬೇಕಷ್ಟೆ. ಶಾಸನವನ್ನು ಓದುವ ವಿದ್ವಾಂಸನು ಅಕ್ಷರಗಳನ್ನು ಮಾತ್ರ ನೋಡುವುದಿಲ್ಲ. ಕಲ್ಲು ಎಲ್ಲಿ ಒಡೆದಿದೆ, ಪಡಿಯಚ್ಚಿನಲ್ಲಿ ಯಾವ ಗೆರೆ ಮೂಡಿಲ್ಲ, ಬರೆಯಿಸಿದವರು ಯಾರು ಎಂಬುದನ್ನೂ ವಿಚಾರಿಸುತ್ತಾನೆ. ಧ್ವನಿಮುದ್ರಿಕೆಯ ವಿಷಯದಲ್ಲಿಯೂ ಇಂಥ ಮೂರು ಪ್ರಶ್ನೆಗಳುಂಟು: ಯಂತ್ರಕ್ಕೆ ಎಷ್ಟು ಕೇಳಿಸಿತು? ತಟ್ಟೆಯಲ್ಲಿ ಎಷ್ಟು ಹಿಡಿಸಿತು? ಅದಕ್ಕೆ ಹಣವನ್ನು ಒದಗಿಸಿದವರು ಯಾರು? ಈ ಮೂರನ್ನೂ ಕ್ರಮವಾಗಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಯಂತ್ರದ ಶ್ರವಣಶಕ್ತಿ

೧೯೨೫ಕ್ಕೆ ಮುಂಚೆ ಧ್ವನಿಮುದ್ರಣದಲ್ಲಿ ವಿದ್ಯುತ್ತಿನ ಸಹಾಯವಿರಲಿಲ್ಲ. ವಾದಕರು ಒಂದು ದೊಡ್ಡ ಕಹಳೆಯ ಬಾಯಿಗೆ ಎದುರಾಗಿ ಒತ್ತೊತ್ತಾಗಿ ಕೂಡಬೇಕಾಗಿತ್ತು. ನಾದದ ಅಲೆಗಳು ಕಹಳೆಯ ತುದಿಯಲ್ಲಿದ್ದ ತೆಳುಪೊರೆಯನ್ನು ಅಲುಗಿಸುತ್ತಿದ್ದುವು. ಪೊರೆಗೆ ಹೊಂದಿಕೊಂಡಿದ್ದ ಮೊಳೆಯು ಸುತ್ತುತ್ತಿರುವ ಮೇಣದ ತಟ್ಟೆಯ ಮೇಲೆ ಗೆರೆಯನ್ನು ಕೊರೆಯುತ್ತಿತ್ತು. ಸೆಕೆಂಡಿಗೆ ಸುಮಾರು ಎರಡು ಸಾವಿರ ಕಂಪನಗಳಿಗಿಂತ ಮೇಲಿನ ನಾದವನ್ನಾಗಲಿ ತೀರ ಕೆಳಗಿನ ಮಂದ್ರನಾದವನ್ನಾಗಲಿ ಈ ಸಲಕರಣೆ ಚೆನ್ನಾಗಿ ಗ್ರಹಿಸುತ್ತಿರಲಿಲ್ಲ. ಪಿಟೀಲಿನ ಮರದ ಒಡಲಿನಿಂದ ಹೊರಡುವ ನಾದವು ಕಹಳೆಗೆ ಸಾಲದೆ ಹೋದುದರಿಂದ, ಲೋಹದ ಕಹಳೆಯನ್ನೇ ಜೋಡಿಸಿದ ‘ಸ್ಟ್ರೋ’ ಪಿಟೀಲುಗಳು ಬಳಕೆಗೆ ಬಂದುವು. ಡಬಲ್ ಬೇಸ್ ವಾದ್ಯದ ಭಾಗವನ್ನು ಅನೇಕ ವೇಳೆ ಟ್ಯೂಬಾದಂಥ ಊದುವಾದ್ಯಗಳಿಗೆ ವಹಿಸುತ್ತಿದ್ದರು. ಎಂದರೆ, ಆ ಕಾಲದ ತಟ್ಟೆಯಲ್ಲಿ ಕೇಳಿಬರುವ ವಾದ್ಯಮೇಳನವು ಸಭಾಂಗಣದ ವಾದ್ಯಮೇಳನವಲ್ಲ; ಯಂತ್ರದ ಅನುಕೂಲಕ್ಕಾಗಿ ಮಾರ್ಪಡಿಸಿದ ಮೇಳನ.

೧೯೨೫ರಲ್ಲಿ ಮೈಕ್ರೊಫೋನು ಕಹಳೆಯ ಸ್ಥಾನವನ್ನು ಪಡೆಯಿತು. ವೃಂದವು ತನ್ನ ಸಹಜವಾದ ವಿನ್ಯಾಸದಲ್ಲಿ ಕುಳಿತು ನುಡಿಸಲು ಸಾಧ್ಯವಾಯಿತು. ಸಭಾಂಗಣದ ಅನುರಣನವೂ ತಟ್ಟೆಯನ್ನು ಸೇರಿತು. ಎರಡನೆಯ ಮಹಾಯುದ್ಧದ ಕೊನೆಯ ವೇಳೆಗೆ ಇಂಗ್ಲೆಂಡಿನ ಡೆಕ್ಕಾ ಸಂಸ್ಥೆಯು ಸುಮಾರು ಹದಿನಾಲ್ಕು ಸಾವಿರ ಕಂಪನಗಳವರೆಗಿನ ನಾದವನ್ನು ಹಿಡಿಯುವ ಕ್ರಮವನ್ನು ಬಳಕೆಗೆ ತಂದಿತು. ಆದರೆ ಮೈಕ್ರೊಫೋನು ಆಯ್ದು ಕೇಳುವುದಿಲ್ಲ. ಲಂಡನ್ನಿನ ಕಿಂಗ್ಸ್‌ವೇ ಹಾಲ್ ಅನುರಣನದ ಸೊಗಸಿಗೆ ಹೆಸರಾದುದು. ಅದರ ಅಡಿಯಲ್ಲಿ ಹಾದುಹೋಗುತ್ತಿದ್ದ ಸುರಂಗರೈಲಿನ ಗುಡುಗೂ ಅಲ್ಲಿಯ ಎಷ್ಟೋ ಮುದ್ರಿಕೆಗಳಲ್ಲಿ ಸೇರಿಹೋಗಿದೆ.

೨. ತಟ್ಟೆಯ ಮಗ್ಗುಲು

ನಿಮಿಷಕ್ಕೆ ೭೮ ಸುತ್ತು ತಿರುಗುವ ಹನ್ನೆರಡಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ನಾಲ್ಕು, ನಾಲ್ಕೂವರೆ ನಿಮಿಷಗಳ ಸಂಗೀತ. ನಮ್ಮ ಗಾಯಕನು ರಾಗಾಲಾಪನೆಯನ್ನು ಸಂಗ್ರಹಿಸಿ ಕೃತಿಯನ್ನು ಮಗ್ಗುಲಿಗೆ ಸರಿಹೊಂದಿಸಬಲ್ಲನು. ಮನೋಧರ್ಮಕ್ಕೆ ಆ ಸ್ವಾತಂತ್ರ್ಯವುಂಟು. ಸಿಂಫನಿಗೆ ಅದಿಲ್ಲ. ಬರೆದ ಸ್ವರಗಳಲ್ಲಿ ಕೆಲವನ್ನು ಬಿಡಬೇಕು, ಇಲ್ಲವೆ ಕೃತಿಯನ್ನು ತುಂಡರಿಸಿ ಹಲವು ಮಗ್ಗುಲುಗಳಿಗೆ ಹಂಚಬೇಕು. ಎರಡೂ ನಡೆದುವು. ೧೯೧೬ರಲ್ಲಿ ಎಡ್ವರ್ಡ್ ಎಲ್ಗರನು ತನ್ನ ಪಿಟೀಲು ಕನ್ಚರ್ಟೊವನ್ನು ಮೇರಿ ಹಾಲ್ ಎಂಬ ಕಲಾವಿದೆಯೊಡನೆ ಮುದ್ರಿಸಿದಾಗ, ಸುಮಾರು ಮುಕ್ಕಾಲು ಗಂಟೆಯ ಆ ಕೃತಿಯನ್ನು ಬಹುವಾಗಿ ಮೊಟಕುಗೊಳಿಸಬೇಕಾಯಿತು. ಅದಕ್ಕೆ ಮೊದಲೇ, ೧೯೧೩ರಲ್ಲಿ, ಆರ್ಥರ್ ನಿಕಿಷನ ನೇತೃತ್ವದಲ್ಲಿ ಬರ್ಲಿನ್ ಫಿಲ್ಹಾರ್ಮೊನಿಕ್ ವೃಂದವು ಬೀಥೋವೆನ್ನನ ಐದನೆಯ ಸಿಂಫನಿಯನ್ನು ಎಂಟು ಮಗ್ಗುಲುಗಳಲ್ಲಿ ಮುದ್ರಿಸಿತ್ತು.

ಮುದ್ರಣದ ಕ್ರಮವನ್ನು ಅರಿತರೆ ಈ ತುಂಡರಿಕೆಯ ಪರಿಣಾಮ ಸ್ಪಷ್ಟವಾಗುತ್ತದೆ. ಮೆತುವಾದ ಮೇಣದ ಮೇಲೆ ಕೊರೆದ ಗೆರೆಯನ್ನು ಒಮ್ಮೆ ನುಡಿಸಿ ಕೇಳಿದರೆ ಗೆರೆಯೇ ಕೆಡುತ್ತಿತ್ತು. ಆದಕಾರಣ ಕೇಳದೆಯೇ ಮೇಣವನ್ನು ಕಾರ್ಖಾನೆಗೆ ಕಳುಹಿಸಿ, ಅದರ ಮೇಲೆ ವಿದ್ಯುತ್ತಿನಿಂದ ಲೋಹದ ಲೇಪವನ್ನು ಬೆಳೆಸಿ, ಆ ಲೋಹದಿಂದ ಅಚ್ಚುಗಳನ್ನು ತೆಗೆದು, ಅರಗನ್ನು ಬೆರಸಿದ ಮುದ್ದೆಯಲ್ಲಿ ತಟ್ಟೆಗಳನ್ನು ಒತ್ತುತ್ತಿದ್ದರು. (ಆ ಅರಗಿನ ಬಹುಭಾಗವು ಹೋಗುತ್ತಿದ್ದುದು ಭಾರತದಿಂದಲೇ.) ನಾಲ್ಕನೆಯ ನಿಮಿಷದಲ್ಲಿ ಒಬ್ಬ ವಾದಕನು ತಪ್ಪಿದರೂ ಇಡೀ ಮಗ್ಗುಲನ್ನು ಮೊದಲಿನಿಂದ ನುಡಿಸಬೇಕಾಗಿತ್ತು. ಮಗ್ಗುಲು ಮುಗಿಯುವ ಮುನ್ನ ನಡೆಯು ತುಸು ನಿಧಾನವಾದರೆ, ಅದು ನಿರ್ದೇಶಕನ ಅಭಿಪ್ರಾಯವೋ ನಿಲ್ಲಬೇಕಾದ ಸ್ಥಳವು ಬಂದುದರ ಗುರುತೋ ಎಂದು ಕೇಳುಗನು ಯೋಚಿಸಬೇಕು. ಹಳೆಯ ತಟ್ಟೆಯೊಂದನ್ನೇ ಆಧಾರವಾಗಿಟ್ಟುಕೊಂಡು ಕೃತಿಯ ಕಾಲಪ್ರಮಾಣವನ್ನು ನಿರ್ಣಯಿಸುವುದು ಈ ಕಾರಣದಿಂದ ಅಪಾಯಕರ.

೩. ಪೋಷಕರು

ಹತ್ತಾರು ವಾದಕರ ಸಂಭಾವನೆ, ಸಭಾಂಗಣದ ಬಾಡಿಗೆ, ವ್ಯರ್ಥವಾಗುವ ಮೇಣ—ಇಷ್ಟು ವೆಚ್ಚವನ್ನು ಪ್ರಸಿದ್ಧ ಕೃತಿಗಳು ಮಾತ್ರ ತೀರಿಸಬಲ್ಲವು. ಅಪ್ರಸಿದ್ಧ ಕೃತಿಗಳಿಗಾಗಿ ಲಂಡನ್ನಿನ ವಾಲ್ಟರ್ ಲೆಗ್ ೧೯೩೦ರ ದಶಕದ ಆರಂಭದಲ್ಲಿ ಒಂದು ಉಪಾಯವನ್ನು ಆಚರಣೆಗೆ ತಂದನು: ಚಂದಾದಾರರ ಸಂಘವನ್ನು ಕಟ್ಟಿ, ಹಣವನ್ನು ಮುಂಗಡವಾಗಿ ಕೂಡಿಸಿ, ಆ ಬಳಿಕ ಮುದ್ರಿಸುವುದು. ಇದೇ ಲೆಗ್ ೧೯೪೫ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದವನ್ನು ಸ್ಥಾಪಿಸಿದನು. ಅದರ ಚರಿತ್ರೆಯಲ್ಲಿ ಮೈಸೂರಿನ ಹೆಸರು ಬರುತ್ತದೆ.

ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರು (೧೯೧೯–೧೯೭೪) ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದಂತೆಯೇ ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಶ್ರಮವುಳ್ಳವರಾಗಿದ್ದರು. ಲೆಗ್ ಬರೆದಿಟ್ಟ ನೆನಪುಗಳ ಪ್ರಕಾರ, ಅವರು ಫಿಲ್ಹಾರ್ಮೋನಿಯಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ ಹತ್ತು ಸಾವಿರ ಪೌಂಡುಗಳ ಸಹಾಯವನ್ನು ಒದಗಿಸಿದರು. ೧೯೪೯ರಲ್ಲಿ ಕರಾಯಾನನ ನಿರ್ದೇಶನದಲ್ಲಿ ಬಲಾಕಿರೆಫನ ಮೊದಲನೆಯ ಸಿಂಫನಿಯೂ ರೂಸೆಲನ ನಾಲ್ಕನೆಯ ಸಿಂಫನಿಯೂ ಮುದ್ರಿತವಾದುದು ಈ ಪೋಷಣೆಯ ಫಲ.

ಇವೆಲ್ಲಕ್ಕಿಂತ ಮಿಗಿಲಾದುದು ನಿಕೊಲಾಯ್ ಮೆಟ್ನರನ ವಿಷಯ. ೧೮೮೦ರಲ್ಲಿ ಮಾಸ್ಕೋವಿನಲ್ಲಿ ಹುಟ್ಟಿ, ೧೯೩೫ರಿಂದ ಲಂಡನ್ನಿನಲ್ಲಿ ನೆಲಸಿದ್ದ ಈ ರಚನಕಾರನು ವೃದ್ಧನೂ ಅಸ್ವಸ್ಥನೂ ಆಗಿದ್ದನು. ಅವನ ಕೃತಿಗಳಿಗೆ ಮಾರುಕಟ್ಟೆಯಿರಲಿಲ್ಲ. ಮಹಾರಾಜರ ಧನಸಹಾಯದಿಂದ ಮೆಟ್ನರ್ ಸಂಘವು ಏರ್ಪಟ್ಟು, ೧೯೪೭ರಲ್ಲಿ ಅವನ ಮೂರು ಪಿಯಾನೊ ಕನ್ಚರ್ಟೊಗಳೂ ಫಿಲ್ಹಾರ್ಮೋನಿಯ ವೃಂದದೊಡನೆ ಮುದ್ರಿತವಾದುವು. ಪಿಯಾನೊವನ್ನು ನುಡಿಸಿದವನು ಮೆಟ್ನರನೇ. ಮೊದಲನೆಯದನ್ನು ಜಾರ್ಜ್ ವೆಲ್ಡನ್, ಉಳಿದೆರಡನ್ನು ಇಸಾಯ್ ಡೊಬ್ರೋವೆನ್ ನಿರ್ದೇಶಿಸಿದರು. ಮೂರನೆಯ ಕನ್ಚರ್ಟೊ ಮಹಾರಾಜರಿಗೇ ಅಂಕಿತವಾಗಿದೆ. ಮೆಟ್ನರನು ೧೯೫೧ರ ನವೆಂಬರಿನಲ್ಲಿ ತೀರಿಕೊಂಡನು. ಆ ಮುದ್ರಿಕೆಗಳನ್ನು ಹೊರತಂದ ಸಂಸ್ಥೆಯು ದೀರ್ಘಾವಧಿಯ ತಟ್ಟೆಗಳನ್ನು ಪ್ರಕಟಿಸತೊಡಗಿದ್ದು ೧೯೫೨ರ ಅಕ್ಟೋಬರಿನಲ್ಲಿ. ವ್ಯಾಪಾರವು ಅನುಕೂಲವಾಗುವವರೆಗೆ ಕಾದಿದ್ದರೆ ರಚನಕಾರನ ಕೈಯಿಂದಲೇ ಬಂದ ಈ ಸಾಕ್ಷಿಯು ನಮಗೆ ದಕ್ಕುತ್ತಿರಲಿಲ್ಲ.

ಇಲ್ಲಿಯೂ ಎರಡನೆಯ ಪ್ರಶ್ನೆಯನ್ನು ಮರೆಯಲಾಗದು. ಮೊದಲನೆಯ ಕನ್ಚರ್ಟೊ ಅರ್ಧ ಗಂಟೆಗೂ ಮೀರಿದ, ಎಲ್ಲಿಯೂ ನಿಲ್ಲದೆ ಒಂದೇ ಅಂಗವಾಗಿ ಹರಿಯುವ ಕೃತಿ. ಅದು ಕೇಳುಗರಿಗೆ ಮೊದಲು ದೊರೆತದ್ದು ನಾಲ್ಕೈದು ನಿಮಿಷಗಳ ತುಂಡುಗಳಾಗಿ. ಈಚಿನ ಮರುಪ್ರಕಟಣೆಗಳಲ್ಲಿ ಆ ತುಂಡುಗಳನ್ನು ಬೆಸೆದು ಒಂದಾಗಿಸಿದ್ದಾರೆ. ಬೆಸುಗೆ ಇರುವುದೆಂಬ ಅರಿವು ಅಭ್ಯಾಸಿಗೆ ಇರಬೇಕು.

ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತಗಳು ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದುವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಡ್; ಫಿಲ್ಹಾರ್ಮೋನಿಯವನ್ನು ನಿರ್ದೇಶಿಸಿದವನು ಫುರ್ಟ್‌ವೆಂಗ್ಲರ್. ಈ ಕಾರ್ಯಕ್ರಮಕ್ಕೂ ಮಹಾರಾಜರು ಹಣದ ಭರವಸೆಯನ್ನಿತ್ತಿದ್ದರು. ಅವರು ಹೋಗಲಾಗದಿದ್ದುದರಿಂದ ಅವರಿಗೆ ಕಳುಹಿಸಲೆಂದು ಧ್ವನಿಮುದ್ರಣವು ನಡೆಯಿತು. ಉಳಿದಿರುವ ಮುದ್ರಿಕೆಯಲ್ಲಿ ಕರಕರ ಸದ್ದು ಹೆಚ್ಚು. ಹಾಗಿದ್ದರೂ ಅಂದಿನ ಕ್ರಮವನ್ನು ಅದು ಕಾಪಾಡಿದೆ: ಅಂದು ಮೊದಲು ಹಾಡಿದ್ದು ನಿದ್ರೆಯನ್ನು ಕುರಿತ ಗೀತ, ಮೂರನೆಯದು ವಸಂತಗೀತ, ಅಚ್ಚಾದ ಸ್ವರಲಿಪಿಯಲ್ಲಿ ಇವೆರಡರ ಸ್ಥಾನ ಅದಲುಬದಲಾಗಿದೆ. ನಾದದ ಸ್ಫುಟತೆಯೊಂದೇ ಆಕರದ ಬೆಲೆಯನ್ನು ನಿರ್ಣಯಿಸುವುದಿಲ್ಲವೆಂಬುದಕ್ಕೆ ಇದು ನಿದರ್ಶನ.

೪. ಟೇಪು ಮತ್ತು ಹೊಸ ಸಂದೇಹ

೧೯೪೮ರಲ್ಲಿ ಅಮೆರಿಕದಲ್ಲಿ ಬಂದ ದೀರ್ಘಾವಧಿಯ ತಟ್ಟೆಯು ಒಂದು ಮಗ್ಗುಲಿಗೆ ಇಪ್ಪತ್ತಕ್ಕೂ ಮೀರಿ ನಿಮಿಷಗಳನ್ನು ಕೊಟ್ಟಿತು. ಅದೇ ಕಾಲದಲ್ಲಿ ಕಾಂತೀಯ ಟೇಪು ಮೇಣವನ್ನು ಪದಚ್ಯುತಗೊಳಿಸಿತು. ೧೯೫೮ರಿಂದ ಸ್ಟೀರಿಯೊ ತಟ್ಟೆಗಳೂ ೧೯೮೨ರಿಂದ ಕಾಂಪ್ಯಾಕ್ಟ್ ಡಿಸ್ಕುಗಳೂ ಮಾರಾಟಕ್ಕೆ ಬಂದುವು. ಮೊದಲ ಎರಡು ಪ್ರಶ್ನೆಗಳು ಇದರಿಂದ ಬಹುಮಟ್ಟಿಗೆ ಪರಿಹಾರವಾದುವು. ಆದರೆ ಟೇಪನ್ನು ಕತ್ತರಿಸಿ ಜೋಡಿಸಬಹುದು. ನಾವು ಒಂದೇ ವಾದನವೆಂದು ಕೇಳುವುದು ಹಲವು ದಿನಗಳ ಹಲವು ವಾದನಗಳಿಂದ ಆಯ್ದು ಕಟ್ಟಿದ್ದಾಗಿರಬಹುದು. ಹಳೆಯ ತಟ್ಟೆಯ ನಾಲ್ಕು ನಿಮಿಷಗಳಲ್ಲಿ ಅಂಥ ಜೋಡಣೆಗೆ ಅವಕಾಶವಿರಲಿಲ್ಲ. ಯಾವುದನ್ನು ಅದರ ಕೊರತೆಯೆಂದು ಎಣಿಸುತ್ತೇವೆಯೋ ಅದೇ ಅದರ ಪ್ರಾಮಾಣ್ಯಕ್ಕೆ ಆಧಾರವಾಗಿದೆ.

ಆದುದರಿಂದ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸುವ ಗ್ರಂಥಾಲಯಗಳು ಕೃತಿ, ವೃಂದ, ನಿರ್ದೇಶಕ ಇವರ ಹೆಸರುಗಳನ್ನು ಬರೆದಿಟ್ಟರೆ ಸಾಲದು. ಮುದ್ರಣದ ದಿನ, ಸ್ಥಳ, ಮಗ್ಗುಲುಗಳ ಸಂಖ್ಯೆ ಇವುಗಳನ್ನೂ, ಗೆರೆಗಳು ಮುಗಿದು ಹೆಸರುಚೀಟಿ ಆರಂಭವಾಗುವ ಬರಿದಾದ ಜಾಗದಲ್ಲಿ ಒತ್ತಿರುವ ಅಂಕಿಗಳನ್ನೂ ದಾಖಲಿಸಬೇಕು. ಯಾವ ಅಚ್ಚು, ಎಷ್ಟನೆಯ ಬಾರಿಯ ವಾದನ ಎಂಬುದನ್ನು ಹೇಳುವುವು ಆ ಅಂಕಿಗಳೇ. ಅರಗಿನ ತಟ್ಟೆ ಕೈತಪ್ಪಿದರೆ ಒಡೆಯುತ್ತದೆ. ನಾದವನ್ನು ಹೊಸ ಮಾಧ್ಯಮಕ್ಕೆ ಇಳಿಸಿಕೊಂಡ ಮೇಲೂ ಈ ಅಂಕಿಗಳನ್ನು ಬರೆದುಕೊಳ್ಳದೆ ತಟ್ಟೆಯನ್ನು ಕಳೆದುಕೊಂಡರೆ, ಪಾಠವು ಉಳಿದು ಕಾಲವೂ ಸ್ಥಳವೂ ಅಳಿದ ಶಾಸನದ ಗತಿಯೇ ಅದಕ್ಕೂ ಒದಗುತ್ತದೆ.