ಹಳೆಯ ಟ್ರ್ಯಾಕ್ಟರಿಗೆ ಹಳೆಯ ರೋಟವೇಟರ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕ

ಮಲಪ್ರಭೆಯ ದಡದ ಎರೆ ಹೊಲಗಳಲ್ಲಿ ಹಿಂಗಾರಿ ಬಿತ್ತನೆಗೆ ಹದ ಸಿಗುವುದು ಕೆಲವೇ ದಿನ. ನೆಲ ಜಿಗುಟಾಗಿದ್ದರೆ ಕಾಲಿಡುವಂತಿಲ್ಲ. ಒಣಗಿ ಬಿರಿದರೆ ರಂಟೆ ಇಳಿಯುವುದಿಲ್ಲ. ಆ ನಡುವಿನ ದಿನಗಳಲ್ಲಿ ಹೊಲ ಸಿದ್ಧವಾದರೆ ಮಾತ್ರ ಜೋಳ, ಕಡಲೆ ಕೈಗೆ ಹತ್ತುತ್ತವೆ. ಎತ್ತುಗಳು ಕಡಿಮೆಯಾದ ಮೇಲೆ ಬಾದಾಮಿ, ಕೆರೂರ, ಗುಳೇದಗುಡ್ಡದ ಸುತ್ತಿನ ರೈತರೂ ರೋಟವೇಟರಿನ ಮೊರೆಹೋಗಿರುವುದು ಇದೇ ಕಾರಣಕ್ಕೆ. ಹೊಸದಕ್ಕೆ ಲಕ್ಷದ ಮಾತು. ಮನೆಯ ಮುಂದೆ ನಿಂತಿರುವುದೋ ಇಪ್ಪತ್ತು, ಮೂವತ್ತು ವರ್ಷದ ಹಳೆಯ ಟ್ರ್ಯಾಕ್ಟರ್. ಸಹಜವಾಗಿ ಕಣ್ಣು ಸೆಕೆಂಡ್ ಹ್ಯಾಂಡ್ ಯಂತ್ರದತ್ತ ಹೊರಳುತ್ತದೆ.

‘ಬರೇ ಎರಡ ಹಂಗಾಮ ಹೊಡದೈತ್ರಿ’ ಎನ್ನುವುದು ಮಾರುವವರ ರೂಢಿಯ ಮಾತು. ಹೊಸ ಬಣ್ಣ ಬಳಿದ ಯಂತ್ರ ಹೊಳೆಯುತ್ತಲೂ ಇರುತ್ತದೆ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಹೊಂದದ ಯಂತ್ರ ಕೊಂಡರೆ ಹೋಗುವುದು ಹಣ ಮಾತ್ರವಲ್ಲ, ಕೆಲವೊಮ್ಮೆ ಜೀವವೂ ಹೋದೀತು. ಹತ್ತನೆಯ ತರಗತಿಯ ವಿಜ್ಞಾನ, ಒಂದು ಅಳತೆಪಟ್ಟಿ, ಒಂದು ಹಾಳೆ ಇದ್ದರೆ ಮನೆಯ ಮಕ್ಕಳೇ ತಂದೆಗೆ ಈ ವ್ಯವಹಾರದಲ್ಲಿ ನೆರವಾಗಬಹುದು.

ಎಲ್ಲಿಂದ ಬಂತು ಈ ಯಂತ್ರ?

ಆಸ್ಟ್ರೇಲಿಯದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ಎಂಬ ತರುಣ 1912ರಲ್ಲಿ ತಂದೆಯ ಹೊಲದಲ್ಲಿ ತಿರುಗುವ ಅಲಗುಗಳಿಂದ ಮಣ್ಣು ಸಡಿಲಿಸುವ ಪ್ರಯೋಗ ಆರಂಭಿಸಿದ. 1920ರಲ್ಲಿ ಪೇಟೆಂಟ್ ಪಡೆದ. ರೋಟವೇಟರ್ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹಿಂದಿನಿಂದ ಓದಿದರೂ ಅದೇ ಪದ ಬರುತ್ತದೆ, ಬರೆದು ನೋಡಿ. ಟ್ರ್ಯಾಕ್ಟರಿನ ಹಿಂಬದಿಯ ಮೂರು ಕೊಂಡಿಗಳ ಜೋಡಣೆಯನ್ನು ಬಳಕೆಗೆ ತಂದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ನಮ್ಮ ಊರುಗಳ ‘ಮ್ಯಾಸ್ಸಿ’ ಟ್ರ್ಯಾಕ್ಟರಿನ ಹೆಸರಿನ ಅರ್ಧ ಭಾಗ ಅವನದೇ.

ಜೋಡಿ ಹೊಂದುತ್ತದೆಯೇ?

ಮೊದಲು ಅಳೆಯಬೇಕಾದದ್ದು ಕೊಂಡಿಯ ಪಿನ್. ಕೆಳಗಿನ ಎರಡು ತೋಳುಗಳಿಗೆ ಸೇರುವ ಪಿನ್ನಿನ ವ್ಯಾಸ 22 ಮಿ.ಮೀ. ಇದ್ದರೆ ಅದು ಒಂದನೆಯ ವರ್ಗ, 28 ಮಿ.ಮೀ. ಇದ್ದರೆ ಎರಡನೆಯ ವರ್ಗ. ಟ್ರ್ಯಾಕ್ಟರಿನದೂ ಯಂತ್ರದ್ದೂ ಒಂದೇ ವರ್ಗವಾಗಿರಬೇಕು. ದೊಡ್ಡ ತೂತಿನಲ್ಲಿ ಸಣ್ಣ ಪಿನ್ ಹಾಕಿ ಎಳೆದರೆ ಪ್ರತಿ ಹೊಡೆತಕ್ಕೂ ಅದು ಕುಣಿದು ಸವೆಯುತ್ತದೆ.

ಎರಡನೆಯದು ಪಿ.ಟಿ.ಓ., ಅಂದರೆ ಇಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಒಯ್ಯುವ ದಂಡ. ಸಾಮಾನ್ಯ ರೋಟವೇಟರಿಗೆ ಬೇಕಾದದ್ದು ನಿಮಿಷಕ್ಕೆ 540 ಸುತ್ತು ತಿರುಗುವ, ಆರು ಏಣುಗಳ, ಸುಮಾರು 35 ಮಿ.ಮೀ. ವ್ಯಾಸದ ದಂಡ. ಎರಡನ್ನೂ ಕೂಡಿಸುವ ಶಾಫ್ಟಿನ ಉದ್ದವನ್ನೂ ನೋಡಬೇಕು. ಯಂತ್ರವನ್ನು ಎತ್ತಿದಾಗ, ಇಳಿಸಿದಾಗ ಅದು ಗಿಡಿಯಲೂಬಾರದು, ಕಳಚಿಕೊಳ್ಳಲೂಬಾರದು.

ಶಕ್ತಿಯ ಲೆಕ್ಕ

ಒಂದು ಎಚ್.ಪಿ. ಎಂದರೆ 746 ವಾಟ್. 35 ಎಚ್.ಪಿ. ಟ್ರ್ಯಾಕ್ಟರಿನ ಪಿ.ಟಿ.ಓ. ತನಕ ಬರುವ ಹೊತ್ತಿಗೆ ಗೇರುಗಳ ಘರ್ಷಣೆ ಕಳೆದು ಸುಮಾರು 30 ಎಚ್.ಪಿ. ಉಳಿಯುತ್ತದೆ ಎಂದುಕೊಳ್ಳಿ. 540 ಸುತ್ತಿನಲ್ಲಿ ಇದು ಸುಮಾರು 400 ನ್ಯೂಟನ್ ಮೀಟರ್ ಟಾರ್ಕ್. ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ 40 ಕಿಲೋ ತೂಗುಹಾಕಿದಷ್ಟು ತಿರುಚುವ ಬಲ. ಎರೆ ಮಣ್ಣಿನಲ್ಲಿ 5 ಅಡಿ ಅಗಲದ ರೋಟವೇಟರಿಗೆ 35ರಿಂದ 40 ಎಚ್.ಪಿ. ಬೇಕೇಬೇಕು. ಹಳೆಯ ಎಚ್.ಎಂ.ಟಿ. 2511ರಂಥ 25 ಎಚ್.ಪಿ. ಗಾಡಿಗೆ ಅಗ್ಗವೆಂದು ಅದನ್ನು ಕಟ್ಟಿದರೆ ಇಂಜಿನ್ ಏದುಸಿರು ಬಿಡುತ್ತದೆ. ಎಚ್.ಎಂ.ಟಿ. ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿಯೇ ಒಪ್ಪಿಗೆ ಕೊಟ್ಟಿದೆ. ಇಂಥ ಗಾಡಿಯನ್ನು ಕೆಡಿಸಿಕೊಂಡರೆ ಬಿಡಿಭಾಗಕ್ಕೂ ಅಲೆಯಬೇಕು.

ಹಳೆಯ ಗಾಡಿಗಳಲ್ಲಿ ಒಂದೇ ಕ್ಲಚ್ ಇರುವುದು ಸಾಮಾನ್ಯ. ಅದನ್ನು ಒತ್ತಿದರೆ ಚಕ್ರದ ಜೊತೆ ಪಿ.ಟಿ.ಓ.ಗೂ ಇಂಜಿನ್ನಿನ ಶಕ್ತಿ ತಪ್ಪುತ್ತದೆ. ಹುಲ್ಲು ಕೊಯ್ಯುವ ಯಂತ್ರ ಕಟ್ಟಿದ್ದರೆ ಇಲ್ಲೊಂದು ವಿಚಿತ್ರ ನಡೆಯುತ್ತದೆ. ಅದರ ಭಾರವಾದ ಅಲಗುಗಳು ಜಡತ್ವದಿಂದ ತಿರುಗುತ್ತಲೇ ಇದ್ದು, ಗೇರುಗಳ ಮೂಲಕ ಚಕ್ರವನ್ನೇ ಮುಂದಕ್ಕೆ ತಳ್ಳುತ್ತವೆ. ಕ್ಲಚ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ! ಇದನ್ನು ತಪ್ಪಿಸಲು ಒಂದೇ ದಿಕ್ಕಿಗೆ ಶಕ್ತಿ ಬಿಡುವ ಸಾಧನವನ್ನು ಪಿ.ಟಿ.ಓ.ಗೆ ಜೋಡಿಸುತ್ತಾರೆ. ಸೈಕಲ್ಲಿನ ಫ್ರೀವ್ಹೀಲಿನದೇ ತತ್ವ.

ಹಿಂದೆ ಭಾರ, ಮುಂದೆ ಹಗುರ

ಸನ್ನೆಯ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ರೋಟವೇಟರಿನ ತೂಕ 360 ಕಿಲೋ, ಅದು ಹಿಂದಿನ ಅಚ್ಚಿನಿಂದ 1.25 ಮೀಟರ್ ಆಚೆಗೆ ತೂಗುತ್ತದೆ, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 1.8 ಮೀಟರ್ ಎಂದುಕೊಳ್ಳಿ. ಯಂತ್ರವನ್ನು ಎತ್ತಿದಾಗ ಮುಂದಿನ ಚಕ್ರಗಳ ಮೇಲಿನ ಭಾರ 250 ಕಿಲೋ ಕಡಿಮೆಯಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ಮಾತು ಕೇಳದು. ಏರು ದಾರಿಯಲ್ಲಿ ಇದು ಇನ್ನೂ ಅಪಾಯ. ಮುಂದೆ ತೂಕದ ಬಿಲ್ಲೆ ಹಾಕದೆ ಇಂಥ ಯಂತ್ರ ಎತ್ತಬಾರದು.

ಕಣ್ಣು, ಕೈ, ಕಿವಿ

ಇಂಜಿನ್ ಬಂದ್ ಮಾಡಿ, ಯಂತ್ರದ ಕೆಳಗೆ ಗಟ್ಟಿಯಾದ ದಿಮ್ಮಿ ಕೊಟ್ಟ ನಂತರವೇ ಪರೀಕ್ಷೆ ಆರಂಭಿಸಬೇಕು. ಅಲಗುಗಳ ಸಾಲನ್ನು ಕೈಯಿಂದ ಮೇಲೆ ಕೆಳಗೆ ಅಲುಗಿಸಿ. ಕಟಕಟ ಎಂದರೆ ಬೇರಿಂಗ್ ಹೋಗಿದೆ. ಗೇರ್ ಪೆಟ್ಟಿಗೆಯ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿ. ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಲೋಹದ ಚೂರು ಹೊಳೆದರೆ ಹಲ್ಲು ಸವೆದಿದೆ. ಎಣ್ಣೆ ಈಗಷ್ಟೇ ಬದಲಿಸಿದಂತಿದ್ದರೆ ಇನ್ನಷ್ಟು ಎಚ್ಚರ. ಅಲಗು ಸವೆದಿದ್ದರೆ ಚಿಂತೆಯಿಲ್ಲ, ಬದಲಿಸಬಹುದು. ಚೌಕಟ್ಟಿನಲ್ಲಿ ಹೊಸ ಬಣ್ಣದ ಅಡಿಯಲ್ಲಿ ವೆಲ್ಡಿಂಗ್ ಗೆರೆ ಕಂಡರೆ ಬೆಲೆ ಮಾತನಾಡುವ ಮೊದಲು ಕಾರಣ ಕೇಳಿ. ಗುಡ್ಡದ ಬುಡದ ಕಲ್ಲು ಮಿಶ್ರಿತ ಮಸಾರಿ ಹೊಲದಲ್ಲಿ ದುಡಿದ ಯಂತ್ರ ಒಳಗೊಳಗೇ ಬಿರುಕು ಬಿಟ್ಟಿರಬಹುದು.

ಶಾಫ್ಟಿನಲ್ಲಿ ಶಿಯರ್ ಬೋಲ್ಟ್ ಇದ್ದರೆ ಅದನ್ನೂ ನೋಡಿ. ಮನೆಯ ವಿದ್ಯುತ್ ಫ್ಯೂಸಿನಂತೆ, ಅಲಗು ಕಲ್ಲಿಗೆ ಸಿಕ್ಕಾಗ ತಾನು ತುಂಡಾಗಿ ಗೇರ್ ಉಳಿಸುವುದು ಅದರ ಕೆಲಸ. ಅಲ್ಲಿ ಗಟ್ಟಿ ಬೋಲ್ಟ್ ಬಿಗಿದಿದ್ದರೆ ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದಂತೆಯೇ.

ಒಂದು ಸೆಕೆಂಡು, ಎರಡು ಮೀಟರ್

ಹಳೆಯ ಯಂತ್ರಗಳಲ್ಲಿ ಮೊದಲು ಕಾಣೆಯಾಗುವುದು ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ. ‘ಅದೇನ ಮಹಾ’ ಎನ್ನುವವರು ಈ ಲೆಕ್ಕ ಮಾಡಲಿ. ನಿಮಿಷಕ್ಕೆ 540 ಸುತ್ತೆಂದರೆ ಸೆಕೆಂಡಿಗೆ 9. ಶಾಫ್ಟಿನ ವ್ಯಾಸ 7 ಸೆಂ.ಮೀ. ಇದ್ದರೆ ಸುತ್ತಳತೆ 22 ಸೆಂ.ಮೀ. ಒಂದು ಸೆಕೆಂಡಿನಲ್ಲಿ ಸುತ್ತಿಕೊಳ್ಳುವ ಬಟ್ಟೆ ಸುಮಾರು 2 ಮೀಟರ್! ಹೆಗಲ ಮೇಲಿನ ಟವೆಲ್ಲೋ ಧೋತರದ ಚುಂಗೋ ಸೀರೆಯ ಸೆರಗೋ ಸಿಕ್ಕರೆ ಕೂಗುವಷ್ಟೂ ಸಮಯವಿಲ್ಲ. ಕವಚವಿಲ್ಲದ ಯಂತ್ರ ಕೊಂಡರೆ ಹೊಸ ಕವಚದ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೊಲ ಹೊಡೆಯುವ ಅಭ್ಯಾಸವನ್ನು ಅಂದೇ ಬಿಡಬೇಕು.

ಕೊಳ್ಳಲೇಬೇಕೇ?

ಕೊನೆಯ ಲೆಕ್ಕ ಹಣದ್ದು. ಯಂತ್ರಕ್ಕೆ 40 ಸಾವಿರ, ದುರಸ್ತಿಗೆ 10 ಸಾವಿರ ಎನ್ನೋಣ. ಬಾಡಿಗೆಗೆ ಹೋಲಿಸಿದರೆ ಗಂಟೆಗೆ 500 ರೂಪಾಯಿ ಉಳಿದರೂ ಹಾಕಿದ ಹಣ ಮರಳಲು 100 ಗಂಟೆ ದುಡಿಸಬೇಕು. 5 ಅಡಿ ಯಂತ್ರ ಗಂಟೆಗೆ 3 ಕಿ.ಮೀ. ವೇಗದಲ್ಲಿ ಮುಗಿಸುವುದು ಹೆಚ್ಚೆಂದರೆ ಒಂದು ಎಕರೆ. ಐದು ಎಕರೆಯವರು ವರ್ಷಕ್ಕೆ ಎರಡು ಬಾರಿ ಹೊಡೆದರೆ ಹತ್ತು ಗಂಟೆಯಾಯಿತು. ಹಣ ಮರಳಲು ಹತ್ತು ವರ್ಷ! ಅಂಥವರಿಗೆ ಬಾಡಿಗೆಯೇ ಲೇಸು. ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳಿಗಾಗಿಯೇ ರಾಜ್ಯದಲ್ಲಿ 2014-15ರಲ್ಲಿ ‘ಕೃಷಿ ಯಂತ್ರಧಾರೆ’ ಯೋಜನೆ ಆರಂಭವಾಯಿತು. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಕೂಡಿ ಕೊಂಡರೆ ಲೆಕ್ಕ ಬೇರೆಯಾಗುತ್ತದೆ.

ಕೊಳ್ಳುವುದೇ ಖಚಿತವಾದರೆ ರಸೀದಿ ಬರೆಸಿಕೊಳ್ಳಿ. ಸಹಾಯಧನದಲ್ಲಿ ಬಂದ ಯಂತ್ರವಾದರೆ ಮಾರಾಟಕ್ಕೆ ಷರತ್ತು ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಮುಂಗಡ ಕೊಡುವ ಮೊದಲು ನಿಮ್ಮದೇ ಟ್ರ್ಯಾಕ್ಟರಿಗೆ ಕಟ್ಟಿ, ನಿಮ್ಮದೇ ಮಣ್ಣಿನಲ್ಲಿ ಅರ್ಧ ಗಂಟೆ ಹೊಡೆದು ನೋಡಿ. ಅದಕ್ಕೆ ಒಪ್ಪದವರ ಯಂತ್ರ ಅವರ ಬಳಿಯೇ ಇರಲಿ.