ರಸ್ತೆಯಂಚಿನ ಕಾವಲು

ಶಾಲೆ ಬಿಡುವ ಹೊತ್ತಿಗೆ ಹಚ್ಚೊಳ್ಳಿಯ ರಸ್ತೆಯಲ್ಲಿ ಭತ್ತ ತುಂಬಿದ ಲಾರಿಯೊಂದು ಬರುತ್ತಿದೆ ಎನ್ನಿ. ಯಾರು ನಿಲ್ಲಬೇಕು? ಲಾರಿಯೇ, ನೀವೇ?

1920ರ ದಶಕದಲ್ಲಿ ಅಮೆರಿಕದಲ್ಲಿ ಶಾಲಾ ಸುರಕ್ಷತಾ ದಳಗಳು ಬೆಳೆದವು. ಹಿರಿಯ ವಿದ್ಯಾರ್ಥಿಗಳು ಎದೆಗೆ ಪಟ್ಟಿ ಧರಿಸಿ ರಸ್ತೆಯಂಚಿನಲ್ಲಿ ನಿಲ್ಲುತ್ತಿದ್ದರು. ವಾಹನಗಳನ್ನಲ್ಲ, ಕಿರಿಯ ಮಕ್ಕಳನ್ನು ತಡೆದು ನಿಲ್ಲಿಸಬೇಕು ಎಂಬುದೇ ಅಲ್ಲಿ ನೆಲೆಯೂರಿದ ನಿಯಮ.

ಕಾರಣ ಸರಳ ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ನಿಮ್ಮನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಲಾರಿ ನಿಲ್ಲುವುದು ಇನ್ನೂ ಮುಂದೆ.

ಪಾದಚಾರಿ ಮಾರ್ಗವಿಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ ನಡೆಯಿರಿ. ಎದುರು ಬರುವ ವಾಹನ ಕಣ್ಣಿಗೆ ಬೀಳುತ್ತದೆ. ದಾಟುವ ಮುನ್ನ ತಮ್ಮ ತಂಗಿಯರ ಕೈ ಹಿಡಿದು ಅಂಚಿನಲ್ಲೇ ನಿಲ್ಲಿಸಿ. ಪಟ್ಟಿ ಇಲ್ಲದಿದ್ದರೂ ಆ ಕ್ಷಣ ಕಾವಲುಗಾರರು ನೀವೇ.